ಮೂರು ಕಡೆ ಕಂಡರೆ

ಜನವರಿ ೧೧

ಅಕ್ಕಾ,

ಇದು ನಾಲ್ಕನೆಯ ಕಾಗದ. ಮೊದಲ ಮೂರು ನಿನ್ನ ಕೈಗೆ ಮುಟ್ಟಿದವೋ ಒಲೆಯ ಬೆಂಕಿಗೆ ಮುಟ್ಟಿದವೋ ಗೊತ್ತಿಲ್ಲ. ಉತ್ತರ ಬರಲಿಲ್ಲವೆಂದು ದೂರುತ್ತಿಲ್ಲ. ದೂರುವ ಹಕ್ಕನ್ನು ಹೋದ ವರ್ಷವೇ ಕಳೆದುಕೊಂಡೆ.

ವಿಷಯ ಇಷ್ಟು. ಮಾರ್ಚ್ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಅಂದೇ ಸಂಜೆ ಹವಾಮಾನ ಕಛೇರಿಯ ಈ ಮನೆ ಖಾಲಿ ಮಾಡಿ ಬೀಗದ ಕೈ ಒಪ್ಪಿಸಬೇಕು. ಅಮ್ಮನ ಕೋಣೆಯಲ್ಲಿ ನಾನು ಏನನ್ನೂ ಅಲ್ಲಾಡಿಸಿಲ್ಲ. ಮಂಚ ಅಲ್ಲೇ ಇದೆ, ಕುರ್ಚಿ ಅಲ್ಲೇ ಇದೆ, ಕನ್ನಡಕ ಕಿಟಕಿಯ ಕಟ್ಟೆಯ ಮೇಲೆ ಇದೆ. ಅದರಲ್ಲಿ ನಿನಗೇನು ಬೇಕು ಎಂದು ಕೇಳೋಣವೆಂದುಕೊಂಡೆ. ಆದರೆ ಪಟ್ಟಿ ಮಾಡಿ ಕಳಿಸುವಂಥ ಸಾಮಾನುಗಳಲ್ಲ ಅವು. ಒಮ್ಮೆ ಬಂದು ಹೋಗು. ನಾನು ಎದುರಿಗಿರುವುದು ಬೇಡವೆಂದರೆ ಅಂದು ಕಛೇರಿಯಲ್ಲೇ ಕೂತಿರುತ್ತೇನೆ.

ಕಿಟಕಿಯಾಚೆ ಎರಡನೇ ನಂಬರ್ ಮರ ಇನ್ನೂ ಬೋಳಾಗಿಯೇ ಇದೆ. ಈ ವರ್ಷ ಅದರ ಚಿಗುರಿನ ತಾರೀಖು ಬರೆಯುವುದೇ ನನ್ನ ಕೊನೆಯ ದೊಡ್ಡ ಕೆಲಸ. ನಿನಗೆ ನಗು ಬರುತ್ತದೆ, ಗೊತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಬಿಸಿಲೆಷ್ಟು, ಮಳೆಯೆಷ್ಟು, ಗಾಳಿ ಎತ್ತಲಿಂದ ಎಂದು ಬರೆಯುವವನು ವರ್ಷಕ್ಕೊಮ್ಮೆ ಅಂಗಳದ ಐದು ಮರಗಳ ಚಿಗುರನ್ನೂ ಬರೆಯಬೇಕು. ನಿಯಮ ನಿನಗೆ ಬಾಯಿಪಾಠವೇ ಇರಬೇಕು, ಊಟಕ್ಕೆ ಕೂತಾಗೆಲ್ಲ ಕೊರೆದಿದ್ದೇನೆ: ಬರೆಯುವವನು ಸ್ವಂತ ಕಣ್ಣಿಂದ ನೋಡಬೇಕು. ಒಂದೇ ಕಡೆ ಕಂಡರೆ ಲೆಕ್ಕಕ್ಕಿಲ್ಲ. ಎರಡು ಕಡೆ ಕಂಡರೂ ಕಾಯಬೇಕು. ಮೂರು ಕಡೆ ಎಲೆ ಬಿಚ್ಚಿದ್ದರೆ ಆಗ ಚಿಗುರು. ರಿಜಿಸ್ಟರಿನಲ್ಲಿ ನಾನು "ಬಂತು" ಎಂದು ಬರೆಯುತ್ತಿದ್ದೆ.

ಅಮ್ಮ ಮಾತ್ರ "ಬಂದ್ರು" ಅನ್ನುತ್ತಿದ್ದಳು. ಮೊದಲ ಚಿಗುರು ಕಂಡ ದಿನ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಳು, ಹಿರಿಯರು ಒಳಗೆ ಬಂದರೆ ಏಳುತ್ತೇವಲ್ಲ, ಹಾಗೆ. ದೇವರು ದಿಂಡರು ಎಂದು ಎಂದೂ ಮಾತಾಡಿದವಳಲ್ಲ. ಒಂದು ಸಲ ಕೇಳಿದೆ, "ಒಂದು ಎಲೆಗೆ ಯಾಕಮ್ಮಾ ಇಷ್ಟೊಂದು ಮರ್ಯಾದೆ?" ಅಂತ. "ಯಾರು ಕರೆದ್ರು ಅಂತ ಬಂದ್ರು ಹೇಳು ಅವರು? ಕರೀದೇ ಬಂದೋರಿಗೆ ಎದ್ದು ನಿಲ್ಲೋದೂ ಬೇಡ್ವಾ?" ಅಂದಳು.

ನಮ್ಮ ಮನೆಯಲ್ಲಿ ಅಮ್ಮನ ಬಹುವಚನ ಸಿಕ್ಕಿದ್ದು ಇಬ್ಬರಿಗೇ. ಆ ಚಿಗುರಿಗೆ, ಮತ್ತು ಏಳನೇ ವಯಸ್ಸಿಗೇ ಅಪ್ಪನನ್ನೂ ಗದರಿಸುತ್ತಿದ್ದ ನಿನಗೆ. "ದೊಡ್ಡೋರು ಬಂದ್ರು, ಎಲ್ಲ ನೆಟ್ಟಗೆ ಕೂತ್ಕೊಳ್ಳಿ!" ಎಂದು ಬಾಗಿಲಲ್ಲಿ ನಿನ್ನ ಸದ್ದು ಕೇಳಿದ ಕೂಡಲೇ ಕೂಗುತ್ತಿದ್ದಳಲ್ಲ. ನನಗೆ ಕೊನೆಯವರೆಗೂ ಏಕವಚನವೇ ಗತಿ.

ಬಾ ಅಕ್ಕಾ.

ನಿನ್ನ ತಮ್ಮ


ಜನವರಿ ೨೪

ರಿಜಿಸ್ಟರ್ ಸಾಹೇಬರಿಗೆ,

ನಾಲ್ಕೂ ಕಾಗದ ಮುಟ್ಟಿವೆ. ಒಲೆಗೆ ಹಾಕಿಲ್ಲ. ಅಷ್ಟು ಉರಿ ನನ್ನೊಳಗೇ ಇರುವಾಗ ಒಲೆ ಯಾಕೆ?

ಚಿಗುರಿನ ಕಥೆ ನನಗೆ ಹೇಳಬೇಡ. ನಿನ್ನ ಇನ್ನೊಂದು ಕಾಗದ ನನ್ನ ಹತ್ತಿರ ಇದೆ, ಹೋದ ವರ್ಷ ಮಾರ್ಚ್ ಎರಡನೇ ತಾರೀಖಿನದು. ನೀನು ಮರೆತಿದ್ದರೆ ನಾನೇ ಬರೆದು ತೋರಿಸುತ್ತೇನೆ, ನನಗೂ ಬಾಯಿಪಾಠ: "ಅಕ್ಕಾ, ಗಾಬರಿ ಬೇಡ. ಅಮ್ಮ ಚಿಗುರಿದ್ದಾಳೆ. ಒಂದು, ಇವತ್ತು ಕೇಳಿ ಹಾಕಿಸಿಕೊಂಡು ಉಂಡಳು. ಎರಡು, ಬಾಚಣಿಗೆ ಕೇಳಿದಳು. ಮೂರು, ನನ್ನ ನೋಡಿ ನಕ್ಕಳು. ಮೂರು ಕಡೆ ಕಂಡಿದೆ. ಅವಸರಪಟ್ಟು ಬರಬೇಡ. ರಜೆ ಉಳಿಸಿಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಾ."

ಎಲೆ ಎಣಿಸುವ ಲೆಕ್ಕದಲ್ಲಿ ಅಮ್ಮನನ್ನು ಎಣಿಸಿದೆಯಲ್ಲೋ ಪುಣ್ಯಾತ್ಮ!

ರಜೆ ಮಂಜೂರಾಗಿತ್ತು. ಟಿಕೆಟ್ ಚೀಲದಲ್ಲಿತ್ತು. ನಾಲ್ಕನೇ ತಾರೀಖು ರಾತ್ರಿ ಹೊರಟಿದ್ದರೆ ಐದಕ್ಕೆ ಬೆಳಿಗ್ಗೆ ಅಮ್ಮನ ಮುಂದೆ ಇರುತ್ತಿದ್ದೆ. ನಿನ್ನ ಕಾಗದ ನಾಲ್ಕರ ಮಧ್ಯಾಹ್ನ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ನಾನೂ ಹೋಗಿ ಟಿಕೆಟ್ ವಾಪಸ್ ಮಾಡಿ ಬಂದೆ. ಆರಕ್ಕೆ ನಿನ್ನ ತಂತಿ. ಏಳಕ್ಕೆ ನಾನು ಬಂದು ಮುಟ್ಟಿದಾಗ ಅಮ್ಮನ ಪಾದ ಹೇಗಿತ್ತು ಅಂತ ಬರೆಯಲ್ಲ. ನಿನಗೂ ಗೊತ್ತು.

ಅವತ್ತು ನಿನ್ನ ಅಂಗಳದಲ್ಲಿ ನಾಲ್ಕು ಜನರ ಮುಂದೆ, "ನನ್ನ ಕೈಯಿಂದ ಅಮ್ಮನ್ನ ಕಿತ್ಕೊಂಡೋನು ನೀನು" ಅಂದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆಡಿದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಸಾಮಾನು ಯಾವುದೂ ಬೇಡ.

ಅಕ್ಕ

ಕನ್ನಡಕದ ಎಡಗಡೆಯ ಕಡ್ಡಿ ಸಡಿಲ ಇದೆ. ಒರೆಸುವಾಗ ಹುಷಾರು.


ಫೆಬ್ರವರಿ ೩

ಅಕ್ಕಾ,

ಕಡ್ಡಿಗೆ ದಾರ ಸುತ್ತಿದ್ದೇನೆ. ಒರೆಸುವುದು ಮಾತ್ರ ನಿಲ್ಲಿಸಿದೆ. ಗಾಜಿನ ಮೇಲೆ ಅಮ್ಮನ ಬೆರಳಿನ ಗುರುತಿದೆ.

ನೀನು ಬರೆದದ್ದೆಲ್ಲ ನಿಜ. ಒಂದಕ್ಷರ ತಿದ್ದುವಂತಿಲ್ಲ. ಇಡೀ ಜೀವಮಾನ ಒಂದೇ ಒಂದು ನಿಯಮ ನೆಚ್ಚಿಕೊಂಡಿದ್ದವನು ನಾನು. ಅವತ್ತು ಸಂಜೆ ಅಮ್ಮ ಬಾಚಣಿಗೆ ಕೇಳಿದಾಗ ಎದೆಯೊಳಗೆ "ಎರಡು" ಅಂದಿತು. ನಕ್ಕಾಗ "ಮೂರು" ಅಂದಿತು. ಆ ಖುಷಿಯಲ್ಲೇ ನಿನಗೆ ಬರೆಯಲು ಕೂತೆ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರು ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದಾರೆ: "ಚಳಿಯ ನಡುವೆ ನಾಲ್ಕು ದಿನ ಬಿಸಿಲು ಬಿದ್ದರೆ ಮರ ಮೋಸ ಹೋಗುತ್ತದೆ. ಹುಸಿ ಚಿಗುರು. ನೋಡುವವನು ಮೋಸ ಹೋಗಬಾರದು." ಮೂವತ್ತೊಂದು ವರ್ಷ ಆ ಪುಟ ತಿರುವಿಯೇ ಮುಂದಿನದಕ್ಕೆ ಹೋಗಿದ್ದೇನೆ.

ಈ ಸಲ ಬೇಗನೆ ಎದ್ದು ಅಮ್ಮನ ಕುರ್ಚಿಯಲ್ಲಿ ಕೂರುತ್ತೇನೆ. ಬರೆಯಲಿಕ್ಕಲ್ಲ, ಸುಮ್ಮನೆ. ಬೆಳಗಿನ ಬಿಸಿಲು ಹೋದ ವಾರ ಎರಡನೇ ಮೆಟ್ಟಿಲಿನವರೆಗೆ ಬರುತ್ತಿತ್ತು, ಈಗ ಮೂರನೆಯದಕ್ಕೆ ಹತ್ತಿದೆ. ಮಳೆ ಅಳೆಯುವ ಡಬ್ಬಿಯ ಅಂಚಿನಲ್ಲಿ ಇಬ್ಬನಿ ಕಟ್ಟುತ್ತಿಲ್ಲ. ಎರಡನೇ ನಂಬರಿನ ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದು ನೋಡಿದೆ. ಒಳಗೆ ಹಸಿರು. ಹೊರಗೆ ನೋಡಿದರೆ ಸತ್ತ ಸೌದೆ, ಒಳಗೆ ಆಗಲೇ ಯಾರೋ ಎದ್ದು ಓಡಾಡುತ್ತಿದ್ದಾರೆ ಅನ್ನಿಸಿತು. ಕೆರೆದದ್ದು ಅಪಚಾರವಾಯಿತೇನೋ ಎಂದು ಅಲ್ಲಿಗೆ ಒದ್ದೆ ಮಣ್ಣು ಮೆತ್ತಿ ಬಂದೆ. ಯಾರಾದರೂ ನೋಡಿದ್ದರೆ ಒಂದು ತಿಂಗಳು ಮೊದಲೇ ನಿವೃತ್ತಿ ಕೊಟ್ಟು ಕಳಿಸುತ್ತಿದ್ದರು.

ಮೂವತ್ತೊಂದು ಸಲ ತಾರೀಖು ಬರೆದಿದ್ದೇನೆ ಅಕ್ಕಾ, ಒಂದು ಸಲವೂ ಎದ್ದು ನಿಂತಿಲ್ಲ. ಪೆನ್ಸಿಲ್ ಹಿಡಿದು ಮೊದಲೇ ನಿಂತಿರುತ್ತಿದ್ದೆ. ನಿಂತಿರುವುದು ಬೇರೆ, ಎದ್ದು ನಿಲ್ಲುವುದು ಬೇರೆ ಎಂದು ಅಮ್ಮ ಇದ್ದಾಗ ತಿಳಿಯಲಿಲ್ಲ.

ನೀನು ಕ್ಷಮಿಸು ಎಂದು ಕೇಳುತ್ತಿಲ್ಲ. ಬಾ ಎಂದಷ್ಟೇ ಕೇಳುತ್ತಿದ್ದೇನೆ.

ತಮ್ಮ


ಫೆಬ್ರವರಿ ೧೪

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಕೋಪದಲ್ಲೇ ಇದ್ದೆ. ಮೂರನೇ ದಿನ ನಮ್ಮ ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕೋಣೆ ಇದೆಯಲ್ಲ, ಅದರ ಬಿಸಿನೀರಿನ ಕೊಳವೆ ಗೋಡೆಯಿಂದ ಹೊರಗೆ ಬರುವ ಕಡೆ ಒಂದು ಬಿರುಕು. ಅದರೊಳಗಿಂದ ಎರಡೇ ಎರಡು ಎಲೆ. ಯಾವ ಗಿಡವೋ ಏನೋ, ಕಿರುಬೆರಳಿನ ಉಗುರಿನಷ್ಟು. ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಹಿಂದಿದ್ದ ಆಯಾ, "ಯಾಕ್ ಸಿಸ್ಟರ್, ಏನಾಯ್ತು?" ಅಂದಳು. ಮಂಡಿ ಹಿಡ್ಕೊಂಡಿದೆ ಅಂತ ಸುಳ್ಳು ಹೇಳಿದೆ. ಆಮೇಲೆ ಸಂಜೆವರೆಗೂ ನಿಜವಾಗಿಯೂ ಕುಂಟಿಕೊಂಡೇ ಓಡಾಡಬೇಕಾಯಿತು, ಆಯಾ ನೋಡುತ್ತಾಳಲ್ಲ ಅಂತ. ಎಲ್ಲ ನಿನ್ನಿಂದ.

ನಿನ್ನ ಹಾಗೆ ನಿವೃತ್ತಿಯಿಲ್ಲದ ಈ ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಅದೇ ದಾರಿಯಲ್ಲಿ ಗಾಡಿ ತಳ್ಳಿದ್ದೇನೆ. ಪ್ರತಿ ವರ್ಷವೂ ಬಂದಿರುತ್ತಾರೆ ಅವರು, ಅಲ್ವಾ? ನೋಡು, ನನ್ನ ಬಾಯಲ್ಲೂ ಬಹುವಚನ ಬಂತು.

ಒಂದು ಕೇಳಬೇಕು. ಹೋದ ವರ್ಷ ಜಗಳದಲ್ಲಿ ಕೇಳಲಿಲ್ಲ, ಆಮೇಲೆ ಕೇಳುವುದಕ್ಕೆ ಅಹಂಕಾರ ಬಿಡಲಿಲ್ಲ. ಅಮ್ಮ ಕೊನೆಗೆ ಏನಂದಳು? ನನ್ನ ಹೆಸರು ಹಿಡಿದಳಾ? ಇದ್ದದ್ದು ಇದ್ದ ಹಾಗೆ ಬರಿ. ಸಕ್ಕರೆ ಸವರಿ ಕಳಿಸಬೇಡ. ಸವರಿದರೆ ನನಗೆ ವಾಸನೆ ಹತ್ತುತ್ತೆ, ನನ್ನ ಕಸುಬೇ ಅದು.

ಅಕ್ಕ


ಫೆಬ್ರವರಿ ೨೨

ಅಕ್ಕಾ,

ಈ ಪ್ರಶ್ನೆ ನೀನು ಕೇಳಬಾರದೆಂದು ವರ್ಷವಿಡೀ ಬಯಸಿದ್ದೆ. ಕೇಳದಿದ್ದರೆ ಹೇಗೆ ಹೇಳಲಿ ಎಂದೂ ಒದ್ದಾಡುತ್ತಿದ್ದೆ. ಇದ್ದ ಹಾಗೆ ಬರೆಯುತ್ತೇನೆ.

ನಿನಗೆ ರಜೆ ಸಿಕ್ಕಿದ್ದು ಅಮ್ಮನಿಗೆ ಗೊತ್ತಿತ್ತು. ನಾನು ಬರಬೇಡವೆಂದು ಬರೆದದ್ದು ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಅವಳಿಗೆ ಒಮ್ಮೆಲೇ ಖುಷಿಯಾಗಲಿ ಎಂದು ಹೇಳಿರಲಿಲ್ಲ.

ಮಾರ್ಚ್ ಆರು, ಬೆಳಿಗ್ಗೆ. ಅಮ್ಮನಿಗೆ ಮುಖ ಒರೆಸಿ, ಮಗ್ಗುಲು ಬದಲಿಸಿ ಅಂಗಳಕ್ಕೆ ಹೋದೆ. ಎರಡನೇ ನಂಬರಿನ ಕೆಳಗಿನ ಕೊಂಬೆಯಲ್ಲಿ ಒಂದು ಕಡೆ ಎಲೆ ಬಿಚ್ಚಿತ್ತು. ತಲೆಯೆತ್ತಿದೆ, ಮೇಲೆ ಇನ್ನೊಂದು. ಗೋಡೆಯ ಕಡೆಗೆ ಸುತ್ತಿ ಹೋದೆ, ಅಲ್ಲಿ ಮೂರನೆಯದು. ಚಿಕ್ಕ ಹುಡುಗನ ಹಾಗೆ ಓಡಿ ಬಂದೆ. ಬಾಗಿಲಲ್ಲಿ ನನ್ನ ಮುಖ ನೋಡಿದ ಅಮ್ಮ, "ಬಂದ್ರಾ?" ಅಂದಳು.

ನಾನು, "ಹ್ಞೂಂ ಅಮ್ಮಾ, ಬಂದ್ರು!" ಅಂದೆ.

ಅವಳ ಮುಖ ಅಷ್ಟು ಅರಳಿದ್ದನ್ನು ಆ ಕಾಯಿಲೆಯ ಉದ್ದಕ್ಕೂ ನಾನು ನೋಡಿರಲಿಲ್ಲ. ಮೊಣಕೈ ಊರಿ ಏಳಲು ನೋಡಿದಳು. ಎದ್ದು ನಿಲ್ಲಬೇಕಲ್ಲ ಅವಳಿಗೆ. ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ, ಕಿಟಕಿಯ ಪರದೆ ಪೂರ್ತಿ ಸರಿಸಿ, "ಅಲ್ಲಿ ನೋಡು" ಅಂದೆ. ಅವಳು ಕಿಟಕಿಯ ಕಡೆ ತಿರುಗಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. "ಹೊರಗ್ಯಾಕೆ ನಿಂತಿದ್ದಾರೆ? ಒಳಗೆ ಬರೋಕೆ ಹೇಳು" ಅಂದಳು.

ಅಮ್ಮನ ತಮಾಷೆ ಅಂದುಕೊಂಡು ನಾನು ನಕ್ಕೆ ಅಕ್ಕಾ. ನಕ್ಕು, "ಬರ್ತಾರೆ, ಬರ್ತಾರೆ" ಎಂದು ರಿಜಿಸ್ಟರಿನಲ್ಲಿ ತಾರೀಖು ಬರೆಯಲು ಕಛೇರಿಗೆ ಹೋದೆ. ಹಿಂದಿರುಗಲು ಇಪ್ಪತ್ತು ನಿಮಿಷವಾಯಿತು. ದಿಂಬಿಗೆ ಒರಗಿದಂತೆಯೇ ಇದ್ದಳು. ಮುಖ ಬಾಗಿಲಿನ ಕಡೆಗೇ ಇತ್ತು.

ಎಂಟು ತಿಂಗಳ ಮೇಲೆ, ಆ ದಿಂಬುಗಳನ್ನು ಬಿಸಿಲಿಗೆ ಹಾಕುವಾಗ, ಒಂದೇ ಏಟಿಗೆ ತಿಳಿಯಿತು. ಎಲೆಗೆ ಯಾರಾದರೂ ಒಳಗೆ ಬಾ ಅನ್ನುತ್ತಾರೆಯೇ? ಅವಳು ಕೇಳಿದ್ದು ದೊಡ್ಡೋರನ್ನು. ನಿನ್ನ ಹೆಸರು ಹಿಡಿಯಲಿಲ್ಲ. ಅವಳು ಎಂದೂ ಹಿಡಿದವಳಲ್ಲ.

ಇದನ್ನು ಓದಿದ ಮೇಲೆ ನೀನು ಬರುವುದಿಲ್ಲ ಎಂದುಕೊಂಡೇ ಬರೆದಿದ್ದೇನೆ.

ತಮ್ಮ


ಮಾರ್ಚ್ ೬

ತಮ್ಮಾ,

ಇವತ್ತೇ ಬರೆಯಬೇಕು ಅಂತ ಕಾದಿದ್ದೆ. ಎರಡು ವಾರ ನೀನು ಏನೇನು ಅಂದುಕೊಂಡಿದ್ದೀಯೋ. ಇರಲಿ, ನೀನು ಅಂದುಕೊಂಡದ್ದಕ್ಕಿಂತ ಕೆಟ್ಟದ್ದನ್ನೇ ಹೇಳುತ್ತೇನೆ.

ಹೋದ ವಾರ ಒಂಬತ್ತನೇ ಹಾಸಿಗೆಯ ಮುದುಕಿಯ ಮಗ ನನ್ನ ಹಿಂದೆ ಓಡೋಡಿ ಬಂದ. ದಪ್ಪ ಮನುಷ್ಯ, ಬಡಗಿ, ಅಂಗಿ ತುಂಬ ಮರದ ಪುಡಿ. "ಸಿಸ್ಟರ್, ನಮ್ಮಮ್ಮ ಇವತ್ತು ಕನ್ನಡಿ ಕೇಳಿದ್ರು! ಊಟಾನೂ ಮಾಡಿದ್ರು! ಇನ್ನು ಪರವಾಗಿಲ್ಲ ಅಲ್ವಾ?" ಅಂದ. ಅವನ ಕೈ ಹಿಡಿದುಕೊಂಡೆ. "ನಿಮ್ಮ ಅಕ್ಕ ತಂಗೀರು ಯಾರಾದ್ರೂ ದೂರದಲ್ಲಿದ್ರೆ ಇವತ್ತೇ ಕರೆಸಿಬಿಡಿ" ಅಂದೆ. ಅವನ ಮುಖ ನೋಡೋಕಾಗಲಿಲ್ಲ. ಆದರೆ ಕರೆಸಿದ. ಮಾರನೇ ದಿನ ಮೂರು ಹೆಣ್ಣುಮಕ್ಕಳೂ ಬಂದರು, ಆ ತಾಯಿ ಎಲ್ಲರ ತಲೆ ಸವರಿದಳು. ಮೂರನೇ ದಿನಕ್ಕೆ ಹಾಸಿಗೆ ಖಾಲಿ.

ಆರುವ ದೀಪ ಜೋರಾಗಿ ಉರಿಯುತ್ತೆ ಅನ್ನೋದು ಹವಾಮಾನ ಬರೆಯುವವನಿಗೆ ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ವಾರಕ್ಕೊಂದು ನೋಡಿದ್ದೇನೆ. ನಿನ್ನ ಕಾಗದದಲ್ಲಿ "ಬಾಚಣಿಗೆ ಕೇಳಿದಳು" ಅಂತ ಓದಿದ ಕ್ಷಣ ಗೊತ್ತಾಯಿತು ಕಣೋ. ಎತ್ತು ಈಯಲ್ಲ ಅಂತ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಕಾಗದ ಮಡಚಿಟ್ಟು, ಹೋಗಿ ಟಿಕೆಟ್ ವಾಪಸ್ ಮಾಡಿದೆ. ಆ ಸಾಲಿನಲ್ಲಿ ನಿಂತಾಗ ನನಗೆ ಆದದ್ದು ದುಃಖ ಅಲ್ಲ, ನಿರಾಳ. ನನ್ನ ತಮ್ಮನೇ ಬೇಡ ಅಂದನಲ್ಲ ಅಂತ.

ಯಾಕೆ ಅಂತ ಕೇಳು. ಊರವರ ಅಮ್ಮಂದಿರ ಕಣ್ಣು ಮುಚ್ಚಿದ ಕೈ ಇದು. ನಮ್ಮಮ್ಮನ ಕಣ್ಣು ಮುಚ್ಚುವುದಕ್ಕೆ ಕೈ ಬರಲಿಲ್ಲ. ಅಷ್ಟೇ. ಬೇರೆ ಕಾರಣವಿಲ್ಲ, ಹುಡುಕಿದೆ, ಸಿಗಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲು ಯಾರೂ ನೋಡದೆ ಇರಲಿ ಅಂತ ವರ್ಷವಿಡೀ ನಿನ್ನನ್ನೇ ಕಳ್ಳ ಕಳ್ಳ ಅಂತ ಕೂಗಿದೆ. ನೀನು ತಪ್ಪು ಓದಿದೆ. ನಾನು ಸರಿಯಾಗಿ ಓದಿ ಸುಮ್ಮನಿದ್ದೆ. ಯಾವುದು ದೊಡ್ಡದು, ಯಾವ ಕಾಲಂನಲ್ಲಿ ಬರೀತೀಯೋ ಬರಿ.

ಬಾ ಅಂತೀಯ. ಯಾವ ಮುಖ ಇಟ್ಟುಕೊಂಡು ಆ ಬಾಗಿಲಲ್ಲಿ ನಿಲ್ಲಲಿ?

ಅಕ್ಕ


ಮಾರ್ಚ್ ೧೩

ಅಕ್ಕಾ,

ಕಾಗದ ಓದಿ ಅಂಗಳಕ್ಕೆ ಹೋಗಿ ತುಂಬ ಹೊತ್ತು ಅಲ್ಲೇ ಇದ್ದೆ. ಅತ್ತುಬಿಟ್ಟೆ. ನಿನ್ನ ಮೇಲೆ ಕೋಪ ಬರುತ್ತದೇನೋ ಎಂದು ಕಾದೆ, ಸ್ವಲ್ಪ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೋಯಿತು. ಆ ಸಾಲಿನಲ್ಲಿ ನೀನು ಒಬ್ಬಳೇ ನಿಂತಿದ್ದೆಯಲ್ಲ ಎಂದು ಸಂಕಟವಾಯಿತು.

ಇವತ್ತು ಬೆಳಿಗ್ಗೆ ಎರಡನೇ ನಂಬರಿನಲ್ಲಿ ಎರಡು ಕಡೆ ಕಂಡಿದೆ. ಬಿಸಿಲು ಹಿಂದಿನಿಂದ ಬಿದ್ದಾಗ ಎಲೆಯೊಳಗಿನ ನರವೆಲ್ಲ ಕಾಣುತ್ತದೆ. ನಾನು ಅಮ್ಮನ ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನಿಂತೆ. ಅಷ್ಟು ಹೇಳಲೂ ನಾಚಿಕೆ.

ಮೂರನೆಯದನ್ನು ಹುಡುಕಿಲ್ಲ. ಗೋಡೆಯ ಕಡೆಗೆ ಸುತ್ತಿಯೇ ಹೋಗಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಬೇಕೆಂದೇ ಮಾಡಿದ ಮೊದಲ ತಪ್ಪು ಇದು.

ಯಾವ ಮುಖ ಎಂದು ಕೇಳಿದೆ. ಅಮ್ಮ ಕಾಯುತ್ತಿದ್ದ ಮುಖ, ಬೇರೆ ಯಾವುದು? ಬಾಗಿಲಿಗೆ ಬೀಗ ಹಾಕುತ್ತಿಲ್ಲ, ಚಿಲಕ ಮಾತ್ರ.

ತಮ್ಮ


ಮಾರ್ಚ್ ೧೭, ಬೆಳಿಗ್ಗೆ ಎಂಟು ಗಂಟೆ. ನಿನ್ನ ಊಟದ ಮೇಜಿನ ಮೇಲೆ, ಲೋಟದ ಕೆಳಗೆ

ತಮ್ಮಾ,

ರಾತ್ರಿಯೇ ಹೊರಟು ಬೆಳಗಿನ ಮೊದಲ ಬಸ್ಸಿಗೆ ಬಂದೆ. ನೀನು ಕಛೇರಿಯಲ್ಲಿ ಅಂಕಿ ಬರೆಯುತ್ತಾ ಇದ್ದೀಯ, ಕಿಟಕಿಯಿಂದ ನಿನ್ನ ಬೋಳು ತಲೆ ಕಾಣುತ್ತಿದೆ. ಯಾವಾಗ ಇಷ್ಟು ಬೋಳಾಯಿತೋ? ಕರೆಯಲಿಲ್ಲ. ಕರೆದಿದ್ದರೆ ನಾನು ಅಳುತ್ತಿದ್ದೆ, ನೀನು ಅಂಕಿ ತಪ್ಪುತ್ತಿದ್ದೆ.

ಅಮ್ಮನ ಕೋಣೆಗೆ ಹೋದೆ. ಮಂಚದ ಮೇಲೆ ಅವಳು ಒರಗಿದ್ದ ಹಾಗೇ ಒರಗಿ ನೋಡಿದೆ. ಬಾಗಿಲ ಕಡೆ ಮುಖ ಮಾಡಿದರೂ ಎಲ್ಲಿಂದಾದರೂ ಮರ ಕಾಣುತ್ತೇನೋ, ಗಾಜಿನಲ್ಲೋ ಕನ್ನಡಿಯಲ್ಲೋ ಒಂದು ಎಲೆಯಾದರೂ ಅವಳಿಗೆ ಕಂಡಿತ್ತೇನೋ ಅಂತ ಆಸೆಯಿತ್ತು. ಕಾಣಲ್ಲ. ಬಾಗಿಲು ಮಾತ್ರ ಕಾಣುತ್ತೆ. ಆಮೇಲೆ ಎದ್ದು ಹೊರಗೆ ಹೋಗಿ, ಆ ಬಾಗಿಲಿನಿಂದ ಇನ್ನೊಂದು ಸಲ ಒಳಗೆ ಬಂದೆ. ಖಾಲಿ ಮಂಚ.

ಈಗ ಗೋಡೆ ಕಡೆ ಹೋಗಿ ನಿಲ್ಲುತ್ತೇನೆ. ಕಿಟಕಿಯಿಂದ ನೋಡಿದೆ, ಏನೋ ಹಸಿರು ಇದೆ. ಆದರೆ ನನ್ನ ಮಾತು ನಂಬಬೇಡ, ನಿನ್ನ ಸ್ವಂತ ಕಣ್ಣಿಂದ ನೋಡು. ಬರುವಾಗ ರಿಜಿಸ್ಟರೂ ತಾ. ತಾರೀಖು ನೀನು ಬರಿ. ಷರಾ ಅಂತ ಒಂದು ಕಾಲಂ ಇದೆಯಲ್ಲ, ಅದರಲ್ಲಿ ನಾನು ಹೇಳಿದ ಹಾಗೆ ಬರಿ:

ದೊಡ್ಡೋರು ಬಂದ್ರು. ಒಳಗೂ ಬಂದ್ರು. ಒಂದು ವರ್ಷ ಹನ್ನೊಂದು ದಿನ ತಡ.

ಅಕ್ಕ